ಕನ್ನಡ ಪ್ರೇಕ್ಷಕರು ಮತ್ತು ಅನಿಮೇಷನ್ ಕುಟುಂಬ ಚಿತ್ರಗಳು

ಅನಿಮೇಷನ್ ಕುಟುಂಬ ಚಿತ್ರವೆಂದರೆ, ಚಿತ್ರಗಳನ್ನೋ ಗೊಂಬೆಗಳನ್ನೋ ಗಣಕದಲ್ಲಿ ರೂಪಿಸಿದ ಆಕೃತಿಗಳನ್ನೋ ಚಲಿಸುವಂತೆ ತೋರಿಸಿ, ಮಕ್ಕಳೂ ಹಿರಿಯರೂ ಒಟ್ಟಿಗೆ ಕುಳಿತು ನೋಡುವಂತೆ ನಿರ್ಮಿಸಿದ ಚಲನಚಿತ್ರ. ಆಡುಮಾತಿನಲ್ಲಿ ಇದಕ್ಕೆ ‘ಕಾರ್ಟೂನ್’ ಎಂಬ ಹೆಸರೇ ಬಳಕೆಯಲ್ಲಿದೆ. ಕರ್ನಾಟಕದಲ್ಲಿ ಈ ಬಗೆಯ ಚಿತ್ರಗಳಿಗೆ ಪ್ರೇಕ್ಷಕರು ಬಹಳ, ಕನ್ನಡದಲ್ಲಿ ದೊರೆಯುವ ಚಿತ್ರಗಳು ಕಡಿಮೆ. ರಾಜ್ಯದ ಉತ್ತರದ ತುದಿಯಲ್ಲಿರುವ ಬೀದರ್ ಜಿಲ್ಲೆಯಲ್ಲಿ ಈ ಅಂತರ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿಗೆ ತಾಗಿದ ಈ ಜಿಲ್ಲೆಯ ಮಕ್ಕಳು ತಮ್ಮ ಮೆಚ್ಚಿನ ಚಿತ್ರಗಳನ್ನು ಬಹುಪಾಲು ಹಿಂದಿಯಲ್ಲಿಯೇ ನೋಡುತ್ತಾ ಬೆಳೆದಿದ್ದಾರೆ.

ಹಿನ್ನೆಲೆ

ಚಲಿಸುವ ಚಿತ್ರದ ಮೂಲಕ ಕತೆ ಹೇಳುವುದು ಕನ್ನಡ ನಾಡಿಗೆ ಹೊಸದಲ್ಲ. ಆಡಿನ ಅಥವಾ ಜಿಂಕೆಯ ಚರ್ಮವನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುಗೊಳಿಸಿ, ಬಣ್ಣ ಹಚ್ಚಿ, ಪರದೆಯ ಹಿಂದೆ ದೀಪದ ಮುಂದೆ ಆಡಿಸುವ ತೊಗಲುಗೊಂಬೆಯಾಟವು ಸಿನಿಮಾಕ್ಕಿಂತ ಬಹಳ ಹಳೆಯದು. ಕಿಳ್ಳೇಕ್ಯಾತ ಸಮುದಾಯದವರು ರಾಮಾಯಣ, ಮಹಾಭಾರತಗಳ ಕತೆಗಳನ್ನು ಊರೂರಿಗೆ ಒಯ್ದದ್ದು ಹೀಗೆಯೇ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ಮಾಧ್ಯಮದಲ್ಲಿ ಸ್ವಾತಂತ್ರ್ಯ ಹೋರಾಟದ ಕತೆಯನ್ನು, ಗಾಂಧೀಜಿಯ ಬದುಕನ್ನು ತೋರಿಸಿದರು. ಇಂದು ಉಳಿದಿರುವ ಅತ್ಯಂತ ಹಳೆಯ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವೂ ನೆರಳಿನ ಆಟವೇ ಎಂಬುದು ಗಮನಿಸತಕ್ಕ ಸಂಗತಿ. ಜರ್ಮನಿಯ ಕಲಾವಿದೆ ಲೊಟ್ಟೆ ರೈನಿಗರ್ 1926ರಲ್ಲಿ ಕಪ್ಪು ಕಾಗದದ ಆಕೃತಿಗಳನ್ನು ಕತ್ತರಿಸಿ, ಅರೇಬಿಯನ್ ನೈಟ್ಸ್ ಕತೆಗಳನ್ನು ಆಧರಿಸಿ ರಾಜಕುಮಾರ ಅಹ್ಮದನ ಸಾಹಸಗಳ ಚಿತ್ರವನ್ನು ನಿರ್ಮಿಸಿದರು. ತೊಗಲುಗೊಂಬೆಯಾಟ ನೋಡಿ ಬೆಳೆದವರಿಗೆ ಆ ಚಿತ್ರ ಸ್ವಲ್ಪವೂ ಅಪರಿಚಿತವೆನಿಸದು.

ಪ್ರಾಣಿಗಳು ಮಾತನಾಡುವ ಕತೆಯ ಪರಂಪರೆ ಇನ್ನೂ ಹತ್ತಿರದ್ದು. ಕಲ್ಯಾಣ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಸುಮಾರು 1031ರಲ್ಲಿ ಕನ್ನಡದಲ್ಲಿ ಪಂಚತಂತ್ರವನ್ನು ರಚಿಸಿದನು. ಅವನು ಆಧರಿಸಿದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪಾಠವನ್ನು. ಚಾಲುಕ್ಯರ ಆ ಕಲ್ಯಾಣವೇ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ. ಸಿಂಹ, ಎತ್ತು, ನರಿಗಳ ಮೂಲಕ ಮನುಷ್ಯರ ನಡತೆಯನ್ನು ತೋರಿಸುವ ಉಪಾಯ ಹಾಲಿವುಡ್ಡಿನಿಂದ ಬಂದದ್ದೆಂದು ತಿಳಿದಿರುವ ಮಕ್ಕಳಿಗೆ ಇದನ್ನು ಹೇಳಿದರೆ ಅವರ ಮುಖದಲ್ಲಿ ಮೂಡುವ ಅಚ್ಚರಿ ನೋಡತಕ್ಕದ್ದು.

ಭಾರತದಲ್ಲಿ ದಾದಾಸಾಹೇಬ್ ಫಾಲ್ಕೆಯವರು 1915ರಷ್ಟು ಹಿಂದೆಯೇ ಬೆಂಕಿಕಡ್ಡಿಗಳನ್ನು ಚಲಿಸುವಂತೆ ತೋರಿಸುವ ಕಿರುಚಿತ್ರವೊಂದನ್ನು ಮಾಡಿದ್ದರು. ಫಿಲ್ಮ್ಸ್ ಡಿವಿಷನ್ ಸಂಸ್ಥೆಯು ಡಿಸ್ನಿ ಕಲಾವಿದ ಕ್ಲೇರ್ ವೀಕ್ಸ್ ಅವರಿಂದ ತನ್ನ ಕಲಾವಿದರಿಗೆ ತರಬೇತಿ ಕೊಡಿಸಿ, 1957ರಲ್ಲಿ ಜಾತಕ ಕತೆಯೊಂದನ್ನು ಆಧರಿಸಿದ ‘ದಿ ಬನಿಯನ್ ಡೀರ್’ ಚಿತ್ರವನ್ನು ಹೊರತಂದಿತು. ಅಲ್ಲಿ ಕಲಿತವರಲ್ಲಿ ಒಬ್ಬರಾದ ರಾಮ್ ಮೋಹನ್ ಮುಂದೆ ಭಾರತೀಯ ಅನಿಮೇಷನ್ನಿನ ಹಿರಿಯರೆನಿಸಿಕೊಂಡರು. ದೂರದರ್ಶನದಲ್ಲಿ ಬರುತ್ತಿದ್ದ ‘ಏಕ್ ಅನೇಕ್ ಔರ್ ಏಕ್ತಾ’ (1974) ಎಂಬ ಕಿರುಚಿತ್ರವನ್ನು ನೋಡದ ಆ ತಲೆಮಾರಿನ ಮಗು ವಿರಳ.

ಮೆಚ್ಚಿನ ಚಿತ್ರಗಳು ಮತ್ತು ಮೆಚ್ಚುಗೆಯ ಕಾರಣಗಳು

ಡಿಸ್ನಿಯ ‘ಸ್ನೋ ವೈಟ್’ (1937) ಚಿತ್ರದಿಂದ ಆರಂಭಿಸಿ ‘ದಿ ಲಯನ್ ಕಿಂಗ್’ (1994), ಸಂಪೂರ್ಣವಾಗಿ ಗಣಕದಲ್ಲಿಯೇ ರೂಪುಗೊಂಡ ಮೊದಲ ಪೂರ್ಣಪ್ರಮಾಣದ ಚಿತ್ರ ‘ಟಾಯ್ ಸ್ಟೋರಿ’ (1995), ‘ಫೈಂಡಿಂಗ್ ನೀಮೊ’ (2003), ‘ಅಪ್’ (2009), ‘ಫ್ರೋಜನ್’ (2013), ‘ಕೋಕೊ’ (2017) ಮೊದಲಾದವು ಲೋಕಪ್ರಿಯವಾಗಿವೆ. ಜಪಾನಿನ ಹಯಾವೊ ಮಿಯಾಝಾಕಿಯವರ ‘ಮೈ ನೇಬರ್ ಟೊಟೊರೊ’ (1988) ಮತ್ತು ‘ಸ್ಪಿರಿಟೆಡ್ ಅವೇ’ (2001) ಚಿತ್ರಗಳಿಗೂ ಎಲ್ಲ ದೇಶಗಳಲ್ಲಿ ಅಭಿಮಾನಿಗಳಿದ್ದಾರೆ.

ಇವನ್ನು ಜನ ಏಕೆ ಮೆಚ್ಚುತ್ತಾರೆ? ಬಣ್ಣ, ಹಾಡು, ಹಾಸ್ಯಗಳು ಮೇಲುನೋಟಕ್ಕೆ ತೋರುವ ಕಾರಣಗಳು. ಮುಖ್ಯ ಕಾರಣ ಇನ್ನೂ ಒಳಗಿದೆ. ಈ ಚಿತ್ರಗಳಲ್ಲಿ ಹಲವು ಸಾವಿನ ಬಗ್ಗೆ ಮಗುವಿನೊಡನೆ ನೇರವಾಗಿ ಮಾತನಾಡುತ್ತವೆ. ‘ಬ್ಯಾಂಬಿ’ (1942) ಚಿತ್ರದ ಜಿಂಕೆಮರಿ ತಾಯಿಯನ್ನು ಕಳೆದುಕೊಳ್ಳುತ್ತದೆ. ‘ದಿ ಲಯನ್ ಕಿಂಗ್’ ಚಿತ್ರದ ಸಿಂಬಾ ತಂದೆಯನ್ನು ಕಳೆದುಕೊಂಡು, ಆ ಸಾವಿಗೆ ತಾನೇ ಕಾರಣನೆಂದು ನಂಬಿ ಓಡಿಹೋಗುತ್ತಾನೆ. ‘ಅಪ್’ ಚಿತ್ರದ ಆರಂಭದಲ್ಲಿ ಗಂಡಹೆಂಡಿರಿಬ್ಬರ ಇಡೀ ಬಾಳು ಕೆಲವೇ ನಿಮಿಷಗಳಲ್ಲಿ ಮಾತಿಲ್ಲದೆ ಸಾಗಿಹೋಗುತ್ತದೆ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ ಅಜ್ಜ ಕಣ್ಣೊರೆಸಿಕೊಳ್ಳುವುದು ಅಲ್ಲಿಯೇ. ‘ಕೋಕೊ’ ಮೆಕ್ಸಿಕೊ ದೇಶದವರು ತೀರಿಕೊಂಡ ಹಿರಿಯರನ್ನು ಮನೆಗೆ ಕರೆಯುವ ಹಬ್ಬದ ಕತೆ. ಪಿತೃಪಕ್ಷದಲ್ಲಿ ಹಿರಿಯರ ಹೆಸರಿನಲ್ಲಿ ಎಡೆ ಇಡುವ ಮನೆಯ ಮಗುವಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಮನುಷ್ಯ ನಟರು ಅಭಿನಯಿಸಿದರೆ ಮಗು ತಾಳಲಾರದಷ್ಟು ಗಾಢವಾಗುವ ದುಃಖವನ್ನು, ಬರೆದ ಮುಖ ಒಂದು ಹೆಜ್ಜೆ ದೂರ ನಿಲ್ಲಿಸಿ ತೋರಿಸುತ್ತದೆ. ಅಳು ಬರುತ್ತದೆ, ಆದರೆ ಮಗು ಎದ್ದುಹೋಗುವುದಿಲ್ಲ.

ಕನ್ನಡಿಗರಿಗೆ ಈ ಅನುಭವ ‘ಗೋವಿನ ಹಾಡು’ ಎಂದೇ ಪರಿಚಿತ. ಹಸಿದ ಹುಲಿಗೆ ಮಾತು ಕೊಟ್ಟು, ಕರುವಿಗೆ ಹಾಲೂಡಿಸಿ, ಮರಳಿ ಹುಲಿಯ ಬಳಿಗೆ ಹೋದ ಪುಣ್ಯಕೋಟಿಯ ಕತೆಯನ್ನು ಪಾಠವಾಗಿ ಓದಿಸಿದ ಪ್ರತಿಯೊಬ್ಬ ಶಿಕ್ಷಕನಿಗೂ, ಕರುವನ್ನು ಬಿಟ್ಟುಹೋಗುವ ಭಾಗ ಬಂದಾಗ ತರಗತಿ ಹೇಗೆ ಮೌನವಾಗುತ್ತದೆಂಬುದು ಗೊತ್ತು. ಈ ಕತೆಯನ್ನು ಆಧರಿಸಿ ರವಿಶಂಕರ್ ವೆಂಕಟೇಶ್ವರನ್ ಅವರು ‘ಪುಣ್ಯಕೋಟಿ’ ಎಂಬ ಅನಿಮೇಷನ್ ಚಿತ್ರವನ್ನು ನಿರ್ದೇಶಿಸಿದರು. ಜನರಿಂದ ಹಣ ಸಂಗ್ರಹಿಸಿ, ಬೇರೆ ಬೇರೆ ಊರುಗಳ ಕಲಾವಿದರ ನೆರವಿನಿಂದ ಮಾಡಿದ ಚಿತ್ರವಿದು. ಇಳಯರಾಜ ಸಂಗೀತ ನೀಡಿದ್ದಾರೆ; ನಟಿ ರೇವತಿ ಧ್ವನಿ ನೀಡಿದವರಲ್ಲಿ ಒಬ್ಬರು. 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ತೆರೆಕಂಡ ಈ ಚಿತ್ರದ ಮೂಲಭಾಷೆ ಸಂಸ್ಕೃತ. ಕನ್ನಡದ ಮಕ್ಕಳು ಬಾಯಿಪಾಠ ಮಾಡಿದ ಕತೆ ಬೆಳ್ಳಿತೆರೆಯ ಭಾಷೆಯಾಗಿ ಕನ್ನಡವನ್ನು ಪಡೆಯಲಿಲ್ಲವೆಂಬುದು ಯೋಚಿಸುವಂತೆ ಮಾಡುತ್ತದೆ. ನಿರ್ದೇಶಕರ ಆಯ್ಕೆ ದೋಷವಲ್ಲ. ಸಂಸ್ಕೃತದಲ್ಲಿ ಅಂಥ ಪ್ರಯತ್ನ ನಡೆದದ್ದು ತನ್ನಷ್ಟಕ್ಕೆ ಸಾಹಸವೇ.

ಡಬ್ಬಿಂಗ್ ಪ್ರಶ್ನೆ

ಅನಿಮೇಷನ್ ಚಿತ್ರಗಳು ಕನ್ನಡದಲ್ಲಿ ವಿರಳವಾಗಿರುವುದಕ್ಕೆ ಎರಡು ಕಾರಣಗಳಿವೆ. ಒಂದು ಖರ್ಚು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಹಾಯುತ್ತವೆ. ಒಂದೂವರೆ ಗಂಟೆಯ ಚಿತ್ರವೆಂದರೆ 1,29,600 ಚೌಕಟ್ಟುಗಳು. ಒಂದೇ ಚಿತ್ರವನ್ನು ಎರಡೆರಡು ಚೌಕಟ್ಟುಗಳಲ್ಲಿ ಬಳಸಿದರೂ ಅರುವತ್ತೈದು ಸಾವಿರದ ಹತ್ತಿರ ಚಿತ್ರಗಳು ಬೇಕು. ಒಂದೇ ಭಾಷೆಯ ಮಾರುಕಟ್ಟೆಯಿಂದ ಆ ಶ್ರಮದ ಬೆಲೆ ಮರಳುವುದು ಕಷ್ಟ.

ಎರಡನೆಯದು ಡಬ್ಬಿಂಗ್ ನಿಷೇಧ. 1960ರ ದಶಕದಲ್ಲಿ ಪರಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗಿ ಬರುತ್ತಿದ್ದುದರಿಂದ ಆಗಿನ್ನೂ ಎಳೆಯದಾಗಿದ್ದ ಕನ್ನಡ ಚಿತ್ರೋದ್ಯಮಕ್ಕೆ ಪೆಟ್ಟು ಬೀಳುತ್ತದೆಂದು ಸಾಹಿತಿಗಳೂ ಕಲಾವಿದರೂ ಹೋರಾಡಿದರು. ಅ.ನ.ಕೃಷ್ಣರಾಯರು, ಮ.ರಾಮಮೂರ್ತಿ, ರಾಜ್‌ಕುಮಾರ್ ಮೊದಲಾದವರು ಅದರಲ್ಲಿದ್ದರು. ಡಬ್ಬಿಂಗ್ ನಿಂತಿತು. ಕಾನೂನಿನ ಬಲವಿಲ್ಲದಿದ್ದರೂ ಈ ಕಟ್ಟುಪಾಡು ದಶಕಗಳವರೆಗೆ ನಡೆಯಿತು. ಆ ಹೋರಾಟದಿಂದ ಕನ್ನಡ ಚಿತ್ರರಂಗ ಬೆಳೆಯಿತೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅನಿಮೇಷನ್ ಚಿತ್ರಕ್ಕೆ ಎಲ್ಲ ಭಾಷೆಯೂ ಡಬ್ಬಿಂಗ್ ಭಾಷೆಯೇ. ಬರೆದ ಸಿಂಹಕ್ಕೆ ತಾಯ್ನುಡಿ ಇಲ್ಲ. ನಟರ ಅನ್ನಕ್ಕೆ ಸಂಬಂಧಿಸಿದ ಕಟ್ಟುಪಾಡಿನಲ್ಲಿ ಮಕ್ಕಳ ಚಿತ್ರಗಳನ್ನು ಬೇರೆಯಾಗಿ ನೋಡಬಹುದಿತ್ತೆಂಬ ವಾದ ನಂತರದ ವರ್ಷಗಳಲ್ಲಿ ಬಲಗೊಂಡಿತು. 2009ರಲ್ಲಿ ಆರಂಭವಾದ ಚಿಂಟು ಟಿವಿ ಕನ್ನಡದ ಮಕ್ಕಳಿಗೆ ಅವರ ಭಾಷೆಯ ಪ್ರತ್ಯೇಕ ವಾಹಿನಿಯನ್ನು ಕೊಟ್ಟಿತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈನಲ್ಲಿ ಆದೇಶ ನೀಡಿ, ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಹೇಳಿತು. ನಂತರ ದಾರಿ ನಿಧಾನವಾಗಿ ತೆರೆಯಿತು. 2023ರ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್’ ಭಾರತದಲ್ಲಿ ಬಿಡುಗಡೆಯಾದ ಹತ್ತು ಭಾಷೆಗಳಲ್ಲಿ ಕನ್ನಡವೂ ಒಂದು.

ಆದರೂ ಬಾಗಿಲು ಪೂರ್ತಿ ತೆರೆದಿಲ್ಲ. ಜಪಾನಿನ ಯುಗೊ ಸಾಕೊ, ಕೊಯಿಚಿ ಸಸಾಕಿ ಮತ್ತು ರಾಮ್ ಮೋಹನ್ ಸೇರಿ ನಿರ್ದೇಶಿಸಿ 1992ರಲ್ಲಿ ಪೂರ್ಣಗೊಳಿಸಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಟಿವಿಯ ಮೂಲಕ ಒಂದು ತಲೆಮಾರಿನ ಮಕ್ಕಳ ಮೆಚ್ಚಿನ ಚಿತ್ರವಾಗಿತ್ತು. 2025ರ ಜನವರಿಯಲ್ಲಿ ಅದು ಚಿತ್ರಮಂದಿರಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗು, ಇಂಗ್ಲಿಷ್ ಆವೃತ್ತಿಗಳು ತೆರೆಕಂಡವು.

ಬೀದರ್, ಭಾಲ್ಕಿ ಮತ್ತು ಔರಾದ್

ಬೀದರ್ ನಗರದ ಓಣಿಗಳಲ್ಲಿ ಕನ್ನಡದ ಜೊತೆಗೆ ದಖ್ಖನಿ ಉರ್ದು ಕೇಳುತ್ತದೆ. ಔರಾದ್ ಮತ್ತು ಭಾಲ್ಕಿ ಕಡೆ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಪೂರ್ವದ ಗಡಿಯಲ್ಲಿ ತೆಲುಗು. ಒಂದೇ ತರಗತಿಯಲ್ಲಿ ನಾಲ್ಕು ಮನೆಮಾತಿನ ಮಕ್ಕಳು ಕೂರುವುದು ಇಲ್ಲಿ ಸಾಮಾನ್ಯ. ಇವರೆಲ್ಲರಿಗೂ ಸಮಾನವಾಗಿ ತಿಳಿದ ಲೋಕವೆಂದರೆ ಟಿವಿಯದು. ‘ಡೋರೆಮಾನ್’ ಜಪಾನಿನಿಂದ ಹಿಂದಿಯಲ್ಲಿ ಬಂದಿತು. ‘ಛೋಟಾ ಭೀಮ್’ ಹುಟ್ಟಿದ್ದು ಬೀದರಿಗೆ ಅತಿ ಸಮೀಪದ ಮಹಾನಗರವಾದ ಹೈದರಾಬಾದಿನಲ್ಲಿ, ರಾಜೀವ್ ಚಿಲಕ ಸ್ಥಾಪಿಸಿದ ಗ್ರೀನ್ ಗೋಲ್ಡ್ ಸಂಸ್ಥೆಯಲ್ಲಿ. 2008ರಲ್ಲಿ ಪೋಗೊ ವಾಹಿನಿಯಲ್ಲಿ ಆರಂಭವಾಗಿ, 2012ರಲ್ಲಿ ಚಿತ್ರಮಂದಿರಕ್ಕೂ ಬಂದಿತು. ಲಡ್ಡು ತಿಂದು ಬಲ ಪಡೆಯುವ ಧೋತಿಯ ಹುಡುಗ ಹಳ್ಳಿಯ ಮಗುವಿಗೆ ತನ್ನವನೇ ಎನಿಸುವುದು ಸಹಜ. ಫಲವಾಗಿ, ಮನೆಯಲ್ಲಿ ಕನ್ನಡ ಮಾತನಾಡುವ ಮಗುವೂ ಆಟದ ಬಯಲಿಗೆ ಬಂದೊಡನೆ ಹಿಂದಿಯಲ್ಲಿ ಸವಾಲು ಹಾಕುತ್ತದೆ. ವೀರತನದ ಭಾಷೆ ಹಿಂದಿ, ಪಾಠದ ಭಾಷೆ ಕನ್ನಡ ಎಂಬ ಭಾವನೆ ಎಳವೆಯಲ್ಲಿಯೇ ಬೇರೂರಿದರೆ ಪಾಠಕ್ಕೇ ನಷ್ಟ.

ಈ ನೆಲದಲ್ಲಿ ಭಾಷೆಯ ಪ್ರಶ್ನೆ ಹಗುರವಾದದ್ದಲ್ಲ. ಬೀದರ್ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ, ಒಳಗೆ ಕನ್ನಡ ಕಲಿಸಿದರೆಂಬುದನ್ನು ಜಿಲ್ಲೆಯ ಜನ ಇಂದಿಗೂ ನೆನೆಯುತ್ತಾರೆ. ಈಗ ಯಾವ ತಡೆಯೂ ಇಲ್ಲ. ಮಗುವಿನ ಕೈಯಲ್ಲಿರುವ ಮೊಬೈಲಿನಲ್ಲಿ ಕನ್ನಡದ ಆಯ್ಕೆ ಇದೆಯೇ ಎಂಬುದಷ್ಟೇ ಪ್ರಶ್ನೆ.

2025ರ ಜುಲೈ 25ರಂದು ತೆರೆಕಂಡ ‘ಮಹಾವತಾರ ನರಸಿಂಹ’ ಇಂಥ ಆಯ್ಕೆಯನ್ನು ಕೊಟ್ಟಿತು. ಅಶ್ವಿನ್ ಕುಮಾರ್ ನಿರ್ದೇಶಿಸಿ, ಕ್ಲೀಮ್ ಪ್ರೊಡಕ್ಷನ್ಸ್ ನಿರ್ಮಿಸಿದ ಈ ಚಿತ್ರವನ್ನು ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿತು. ಹಿಂದಿ, ತೆಲುಗು, ತಮಿಳು, ಮಲಯಾಳಗಳ ಜೊತೆಗೆ ಕನ್ನಡದಲ್ಲಿಯೂ ಬಂದು, ಭಾರತೀಯ ಅನಿಮೇಷನ್ ಚಿತ್ರಗಳಲ್ಲಿ ಅತಿ ಹೆಚ್ಚು ಗಳಿಕೆಯ ಚಿತ್ರವಾಯಿತು. ಮಕ್ಕಳಿಗಾಗಿ ಟಿಕೆಟ್ ಕೊಂಡ ಹಿರಿಯರು ತಾವೇ ತನ್ಮಯರಾದದ್ದು ಅದರ ಗೆಲುವಿನ ಗುಟ್ಟು. ರಾಜ್‌ಕುಮಾರ್ ಹಿರಣ್ಯಕಶಿಪುವಾಗಿದ್ದ ‘ಭಕ್ತ ಪ್ರಹ್ಲಾದ’ (1983) ನೋಡಿದವರು ಎರಡನ್ನೂ ಹೋಲಿಸದೆ ಇರಲಾರರು. ಗರ್ಜನೆಯಲ್ಲಿ ಹಳೆಯದೇ ಮೇಲೆಂದು ಹೇಳುವವರು ಮನೆಗೊಬ್ಬರಾದರೂ ಸಿಗುತ್ತಾರೆ. ಬೀದರಿನವರಿಗೆ ಈ ಕತೆಯ ಮುಂದುವರಿಕೆಯೂ ಗೊತ್ತು. ನಗರದ ಅಂಚಿನಲ್ಲಿರುವ ಝರಣಿ ನರಸಿಂಹ ಕ್ಷೇತ್ರದಲ್ಲಿ ಭಕ್ತರು ಉದ್ದದ ಗುಹೆಯೊಳಗೆ, ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಪಡೆಯುತ್ತಾರೆ. ಹಿರಣ್ಯಕಶಿಪುವಿನ ವಧೆಯ ನಂತರ ನರಸಿಂಹನು ಇಲ್ಲಿ ಜಲಾಸುರನನ್ನು ಕೊಂದು, ಅವನ ಕೋರಿಕೆಯಂತೆ ನೀರಾಗಿ ಹರಿಯುವ ಅವನೊಡನೆ ನೆಲೆಸಿದನೆಂದು ಸ್ಥಳಪುರಾಣ ಹೇಳುತ್ತದೆ. ಅಜ್ಜನ ಹೆಗಲೇರಿ ಆ ಕತ್ತಲೆಯ ನೀರನ್ನು ದಾಟಿದ ಮಗುವಿಗೆ ತೆರೆಯ ಮೇಲಿನ ಕಂಬ ಒಡೆಯುವಾಗ ಆಗುವ ರೋಮಾಂಚನ ಬೇರೆ ಊರಿನ ಮಗುವಿಗೆ ಆಗಲಿಕ್ಕಿಲ್ಲ.

ಶಾಲೆಗಳಲ್ಲಿ

ಹಲವು ಮನೆಮಾತುಗಳ ತರಗತಿಗೆ ಮಾತಿಲ್ಲದ ಅಥವಾ ಮಾತು ಕಡಿಮೆಯಿರುವ ಚಿತ್ರಗಳು ಉತ್ತಮ ಸಾಧನ. 1940ರಲ್ಲಿ ಆರಂಭವಾದ ‘ಟಾಮ್ ಅಂಡ್ ಜೆರ್ರಿ’ ಕಿರುಚಿತ್ರಗಳು, ಸಂಭಾಷಣೆಯೇ ಇಲ್ಲದ ‘ಶಾನ್ ದಿ ಶೀಪ್ ಮೂವಿ’ (2015), ‘ವಾಲ್-ಇ’ (2008) ಚಿತ್ರದ ಮೊದಲ ಭಾಗ ಇದಕ್ಕೆ ಒದಗುತ್ತವೆ. ಐದು ನಿಮಿಷದ ತುಣುಕನ್ನು ತೋರಿಸಿ ನಿಲ್ಲಿಸಿ, ಆದದ್ದನ್ನು ಕನ್ನಡದಲ್ಲಿ ಹೇಳಿರೆಂದರೆ, ಪುಸ್ತಕ ಹಿಡಿದರೆ ಬಾಯಿ ಬಿಡದ ಮಗುವೂ ಕೈ ಎತ್ತುತ್ತದೆ. ವ್ಯಾಕರಣ ತಪ್ಪಿದರೂ ತಡೆಯದೆ ಮುಗಿಸಲು ಬಿಡುವುದು ಲೇಸು.

ವಿದ್ಯುತ್ತಿಲ್ಲದ ದಿನವೂ ಅನಿಮೇಷನ್ ಕಲಿಸಬಹುದು. ಹಳೆಯ ನೋಟುಬುಕ್ಕಿನ ಹಾಳೆಗಳ ಮೂಲೆಯಲ್ಲಿ ಒಂದೊಂದು ಚಿತ್ರ ಬರೆದು, ಪ್ರತಿ ಹಾಳೆಯಲ್ಲಿ ಕರುವಿನ ಕಾಲನ್ನು ಎಳ್ಳಷ್ಟು ಸರಿಸಿ, ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಟ್ಟರೆ ಕರು ಓಡುತ್ತದೆ. ಸೆಕೆಂಡಿಗೆ 12 ಹಾಳೆಗಳಂತೆ 96 ಹಾಳೆಗಳ ಪುಸ್ತಕದಲ್ಲಿ ಎಂಟು ಸೆಕೆಂಡಿನ ಚಿತ್ರವಾಗುತ್ತದೆ. ಕರು ತಾಯಿಯನ್ನು ಮುಟ್ಟಲು ಅಷ್ಟು ಸಾಕು.