ಓದದೆ ಹಾಕಿದ ರುಜು

“ಕೆಟ್ಟು ಪಟ್ಟಣ ಸೇರು” ಎಂಬ ಗಾದೆಯನ್ನು ನೆಚ್ಚಿ ಮುಂಬಯಿಗೆ ಬಂದವರು ನಮ್ಮ ಹಿರಿಯರು. ಹೊಟೇಲಿನಲ್ಲಿ ಕಪ್ಪು-ಬಸಿ ತೊಳೆಯುವುದರಿಂದ ಮೊದಲ್ಗೊಂಡು ಗಲ್ಲೆಯ ಮೇಲೆ ಕುಳಿತುಕೊಳ್ಳುವವರೆಗೆ ಏರಿದವರು ಅವರಲ್ಲಿ ಅನೇಕರು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಮೂಲ್ಕಿಯ ರಘುನಂದನ ಕಾಮತರು 1984ರಲ್ಲಿ ಜುಹುವಿನಲ್ಲಿ ಆರಂಭಿಸಿದ ಐಸ್‌ಕ್ರೀಮಿನ ಸಣ್ಣ ಅಂಗಡಿ, ಇವುಗಳ ಕಥೆಯನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಸೋತವರ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೊಸಬರಿಗೆ ಬೇಕಾದ ಪಾಠವಾದರೋ ಅಲ್ಲಿಯೇ ಇದೆ.

ಸೋಲಿಗೆ ಕಾರಣ ಎಷ್ಟೋ ಸಲ ಸಾಂಬಾರಿನ ರುಚಿಯಲ್ಲ, ಕರಾರುಪತ್ರ. ಸ್ವಂತ ಜಾಗ ಕೊಳ್ಳಲಾರದವನಿಗೆ ಈ ಪಟ್ಟಣದಲ್ಲಿ ಎರಡು ದಾರಿಗಳಿವೆ. ಒಂದು ‘ಲೀವ್ ಅಂಡ್ ಲೈಸನ್ಸ್’. ಇದರಲ್ಲಿ ಜಾಗ ಮಾಲಿಕನದು, ವ್ಯಾಪಾರ ನಮ್ಮದು. ಇನ್ನೊಂದು ‘ಕಂಡಕ್ಟಿಂಗ್’. ಇದರಲ್ಲಿ ವ್ಯಾಪಾರವೂ ಮಾಲಿಕನದೇ. ನಾವು ಅದನ್ನು ನಡೆಸಿಕೊಡುವವರು ಮಾತ್ರ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚುವ ಕಷ್ಟ ಎರಡರಲ್ಲಿಯೂ ಒಂದೇ. ಕಾನೂನಿನ ಕಣ್ಣಿಗೆ ಮಾತ್ರ ಅಜಗಜಾಂತರ.

ಈ ಅಂತರ ಎಷ್ಟೆಂಬುದನ್ನು 1973 ತೋರಿಸಿತು. ಮುಂಬಯಿಯ 1947ರ ಬಾಡಿಗೆ ಕಾಯಿದೆಗೆ ಆ ವರ್ಷ ತಿದ್ದುಪಡಿಯಾಗಿ, ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಲೈಸನ್ಸಿನ ಮೇಲೆ ಜಾಗದಲ್ಲಿದ್ದವರು ಬಾಡಿಗೆದಾರರೆನಿಸಿದರು. ಅವರಿಗೆ ಕಾಯಿದೆಯ ರಕ್ಷಣೆ ದೊರೆಯಿತು. ಆದರೆ ಮಾಲಿಕನ ನಡೆಯುತ್ತಿರುವ ವ್ಯಾಪಾರವನ್ನು ‘ಕಂಡಕ್ಟ್’ ಮಾಡುವವರನ್ನು ಕಾಯಿದೆ ಹೊರಗಿಟ್ಟಿತು. ಒಂದೇ ಬೀದಿ, ಒಂದೇ ಬಗೆಯ ದುಡಿಮೆ. ಕಾಗದದ ಒಂದು ಮಾತಿನಿಂದ ಒಬ್ಬನಿಗೆ ನೆಲೆ, ಇನ್ನೊಬ್ಬನಿಗೆ ಕೋರ್ಟಿನ ಮೆಟ್ಟಿಲು. “ವ್ಯಾಪಾರ ಕಟ್ಟಿದವನು ನಾನೇ” ಎಂದು ವಾದಿಸಹೊರಟವನಿಗೆ ಅವನ ರುಜುವೇ ಎದುರು ಸಾಕ್ಷಿ.

2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯೂ ‘ಕಂಡಕ್ಟಿಂಗ್’ ಮಾಡುವವನನ್ನು ಲೈಸನ್ಸುದಾರನೆಂದು ಎಣಿಸುವುದಿಲ್ಲ. ಲೈಸನ್ಸಿನ ಕರಾರು ಬರಹದಲ್ಲಿದ್ದು ನೋಂದಣಿಯಾಗಬೇಕೆಂದು ಅದರ 55ನೆಯ ಕಲಮು ಹೇಳುತ್ತದೆ. ನೋಂದಣಿಯ ಹೊಣೆ ಮಾಲಿಕನದು.

ಇಷ್ಟಿದ್ದರೂ ನಮ್ಮವರು ಎಡವುವುದೇಕೆ? “ನಮ್ಮ ಊರಿನವರೇ ಅಲ್ಲವೇ, ಕಾಗದವೇಕೆ?” ಎಂಬ ದಾಕ್ಷಿಣ್ಯದಿಂದ. ಕೊಡುವವರು ಸಜ್ಜನರೇ ಇರಬಹುದು. ಆದರೆ ಅವರ ಕಾಲಾನಂತರ ಬಾಯಿಮಾತನ್ನು ಅವರ ಮಕ್ಕಳು ಒಪ್ಪಬೇಕೆಂದೇನಿದೆ? ಠೇವಣಿಗಾಗಿ ಅಡವಿಟ್ಟದ್ದು ಮನೆಯಾಕೆಯ ಬಳೆ. ಹೋದರೆ ಊರಿಗೆ ಕಳುಹಿಸುವ ಹಣವೂ ನಿಂತಿತು, ಮಕ್ಕಳ ಶಾಲೆಯ ಫೀಯೂ ನಿಂತಿತು.

ಆದುದರಿಂದ ಹಣ ಎಣಿಸಿಕೊಡುವ ಮೊದಲೇ ನಾಲ್ಕು ಪ್ರಶ್ನೆ ಕೇಳಿರಿ. ಪರವಾನಿಗೆ ಯಾರ ಹೆಸರಿನಲ್ಲಿದೆ? ಅವಧಿ ಎಷ್ಟು? ಠೇವಣಿ ಎಂದು, ಹೇಗೆ ಹಿಂದೆ ಬರುವುದು? ನಾವು ಕೊಂಡು ಹಾಕಿದ ಒಲೆ, ಮೇಜು, ಫ್ರಿಜ್ಜು ಕೊನೆಗೆ ಯಾರದು? ಉತ್ತರ ಕಾಗದದಲ್ಲಿರಲಿ. ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಬಲ್ಲ ವಕೀಲರಿಂದ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿರಿ. ಅವರಿಗೆ ಕೊಡುವ ಫೀ ದುಂದುವೆಚ್ಚವಲ್ಲ.

ಹಗಲೆಲ್ಲ ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಪೀಳಿಗೆ ನಮ್ಮದು. ಆ ಅಕ್ಷರ ರುಜು ಹಾಕುವುದಕ್ಕಷ್ಟೇ ಅಲ್ಲ, ರುಜುವಿನ ಮೇಲಿರುವುದನ್ನು ಓದುವುದಕ್ಕೂ ಬಳಕೆಯಾಗಲಿ. ಕೆಟ್ಟ ಮೇಲೆ ಬರುವ ಬುದ್ಧಿ, ಅಟ್ಟ ಮೇಲೆ ಉರಿಯುವ ಒಲೆ, ಎರಡೂ ಒಂದೇ.