ಕಿಲ್ಟ್‌ಗೆ ಒಪ್ಪುವ ಚರ್ಮದ ಜಾಕೆಟ್

ಸ್ಕಾಟ್ಲೆಂಡ್‌ನಲ್ಲಿ ಗಂಡಸರ ನೆರಿಗೆಯುಡುಪು ಕಿಲ್ಟ್ ಮದುವೆಮನೆಗೂ ಬರುತ್ತದೆ, ಫುಟ್‌ಬಾಲ್ ಮೈದಾನಕ್ಕೂ ಬರುತ್ತದೆ. ಮದುವೆಗಾದರೆ ಅದರ ಮೇಲೆ ಬೆಳ್ಳಿಬಣ್ಣದ ಗುಂಡಿಗಳ ಕರಿ ಕೋಟು. ಮೈದಾನಕ್ಕಾದರೆ ದೇಶದ ತಂಡದ ಜೆರ್ಸಿ, ಕಾಲಿಗೆ ದಪ್ಪ ಬೂಟು. ತಂಡದ ಬೆನ್ನುಹತ್ತಿ ದೇಶದೇಶ ಸುತ್ತುವ ಈ ಅಭಿಮಾನಿಗಳಿಗೆ, ಕಿಲ್ಟ್‌ನ ಚೌಕಳಿ ಬಟ್ಟೆಯಾದ ಟಾರ್ಟನ್‌ನಿಂದಾಗಿ, ‘ಟಾರ್ಟನ್ ಆರ್ಮಿ’ ಎಂದೇ ಹೆಸರು. ಆದರೆ ಸಂಜೆ ಪಬ್ಬಿಗೋ ಸಂಗೀತ ಕೇಳುವುದಕ್ಕೋ ಹೊರಟವರು, ಚಳಿಯಲ್ಲಿ ಪೇಟೆ ಸುತ್ತುವವರು ಕಿಲ್ಟ್ ಮೇಲೆ ಏನು ತೊಡಬೇಕು? ಈಚಿನ ದಶಕಗಳಲ್ಲಿ ಹಲವರು ಕಂಡುಕೊಂಡ ಉತ್ತರ ಚರ್ಮದ ಜಾಕೆಟ್. ಅದು ಗಾಳಿ ತಡೆಯುತ್ತದೆ, ಉಣ್ಣೆಯ ಚೌಕಳಿಗೆ ಹೊಂದುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಹಾಗಿದ್ದೂ ಪ್ಯಾಂಟಿನ ಮೇಲೆ ಸೊಗಸಾಗಿ ಕಂಡ ಜಾಕೆಟ್ಟು ಕಿಲ್ಟ್ ಮೇಲೆ ಅಂದಗೆಡುವುದುಂಟು. ತಪ್ಪು ಇರುವುದು ಅದರ ಉದ್ದದಲ್ಲಿ.

ಎಂಟು ಗಜದ ಉಡುಪು

ಜಾಕೆಟ್ಟಿನ ಮಾತಿಗೆ ಮೊದಲು ಕಿಲ್ಟ್ ಹೇಗೆ ಕೂರುತ್ತದೆ ಎಂಬುದು ಗೊತ್ತಿರಬೇಕು. ಕೈಹೊಲಿಗೆಯ ಸಾಂಪ್ರದಾಯಿಕ ಕಿಲ್ಟ್‌ಗೆ ಎಂಟು ಗಜ ಬಟ್ಟೆ ಬೇಕು. ಎರಡು ಪಟ್ಟು ಅಗಲದಲ್ಲಿ ನೇಯ್ದ ನಾಲ್ಕು ಗಜದ ಉಣ್ಣೆ ಬಟ್ಟೆಯನ್ನು ಉದ್ದಕ್ಕೆ ಸೀಳಿ ಜೋಡಿಸಿ ಈ ಎಂಟು ಗಜವನ್ನು ಹೊಂದಿಸಿಕೊಳ್ಳುವುದು ವಾಡಿಕೆ. ಗಜಕ್ಕೆ 13 ಔನ್ಸ್, 16 ಔನ್ಸ್ ಎಂದು ತೂಕದ ಲೆಕ್ಕದಲ್ಲಿ ಬಟ್ಟೆ ಸಿಗುತ್ತದೆ. ತೂಕ ಹೆಚ್ಚಿದಷ್ಟೂ ನೆರಿಗೆ ಚೆನ್ನಾಗಿ ಇಳಿಬೀಳುತ್ತದೆ. ನಮ್ಮ ಸೀರೆಯ ನೆರಿಗೆ ಮುಂದಿದ್ದರೆ ಕಿಲ್ಟ್‌ನದು ಹಿಂದೆ. ಸೊಂಟದಿಂದ ಪೃಷ್ಠದವರೆಗೆ ಅವನ್ನು ಹೊಲಿದು ಕೂರಿಸಿರುತ್ತಾರೆ, ಅಲ್ಲಿಂದ ಕೆಳಗೆ ಬಿಡುಬೀಸು. ಮಡಿಸಿದ ಮೇಲೂ ಚೌಕಳಿಯ ವಿನ್ಯಾಸ ಮುರಿಯದಂತೆ ನೆರಿಗೆ ಹಿಡಿಯುವುದರಲ್ಲಿ ಹೊಲಿಯುವವರ ಕೈಚಳಕವೆಲ್ಲ ತಿಳಿಯುತ್ತದೆ. ಒಂದೇ ಪಟ್ಟೆ ಪ್ರತಿ ನೆರಿಗೆಯ ನಡುವಿಗೆ ಬರುವಂತೆ ಹಿಡಿಯುವುದು ಸೇನೆಯ ಪದ್ಧತಿ.

ಮುಂಭಾಗದಲ್ಲಿ ನೆರಿಗೆಯಿಲ್ಲದ ಎರಡು ಸೆರಗುಗಳು ಒಂದರ ಮೇಲೊಂದು ಬರುತ್ತವೆ. ಗಂಡಸರ ಕಿಲ್ಟ್‌ನಲ್ಲಿ ಮೇಲಿನ ಸೆರಗಿನ ಅಂಚು ಬಲಕ್ಕಿರುತ್ತದೆ. ಪಕ್ಕದ ಪಟ್ಟಿ-ಬಕಲ್‌ಗಳಿಂದ ಬಿಗಿಯುತ್ತಾರೆ. ಜೇಬಿಲ್ಲದ ಉಡುಪಾದ್ದರಿಂದ ಮುಂದೆ ‘ಸ್ಪಾರನ್’ ಎಂಬ ಚೀಲ ತೂಗುತ್ತದೆ. ಇಲ್ಲಿ ಮುಖ್ಯವಾದ ಸಂಗತಿ ಒಂದೇ: ಕಿಲ್ಟ್‌ನ ಮೇಲಂಚು ಹೊಕ್ಕುಳಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಮೇಲೆ ಇರುತ್ತದೆ, ಕೆಳಂಚು ಮಂಡಿಚಿಪ್ಪಿನ ನಡುವಿಗೆ ಬರುತ್ತದೆ. ಇಂದಿನ ಜೀನ್ಸ್ ನಿಲ್ಲುವುದು ಇದಕ್ಕಿಂತ ಎಷ್ಟೋ ಕೆಳಗೆ, ಟೊಂಕದ ಮೂಳೆಯ ಬಳಿ.

ನಿಷೇಧದಿಂದ ರಾಜಸಭೆಗೆ

ಈ ಉಡುಪು ಹಾದುಬಂದ ದಾರಿ ಸುಗಮವಾದುದಲ್ಲ. 1746ರ ಕಲಾಡನ್ ಕದನದಲ್ಲಿ ಪದಚ್ಯುತ ರಾಜವಂಶದ ಪರವಾದ ಜಾಕೊಬೈಟ್ ಬಂಡಾಯ ನೆಲಕಚ್ಚಿದ ಮೇಲೆ ಬ್ರಿಟಿಷ್ ಸಂಸತ್ತು ಸ್ಕಾಟ್ಲೆಂಡ್‌ನ ಗುಡ್ಡನಾಡಾದ ಹೈಲ್ಯಾಂಡ್‌ನ ಉಡುಪನ್ನೇ ನಿಷೇಧಿಸಿತು. 1747ರ ಆಗಸ್ಟ್‌ನಿಂದ ಜಾರಿಗೆ ಬಂದ ಆ ಕಾನೂನು ಮುರಿದವರಿಗೆ ಮೊದಲ ಸಲ ಆರು ತಿಂಗಳ ಸೆರೆ, ಎರಡನೇ ಸಲ ಏಳು ವರ್ಷ ಕಡಲಾಚೆಗೆ ಗಡೀಪಾರು. ಸೇನೆಗೆ ಮಾತ್ರ ವಿನಾಯಿತಿ ಇತ್ತು; ಟಾರ್ಟನ್ ಉಳಿದದ್ದರಲ್ಲಿ ಹೈಲ್ಯಾಂಡ್ ಪಡೆಗಳ ಪಾಲು ದೊಡ್ಡದು. ಕನ್ನಡ ನೆಲಕ್ಕೂ ಈ ಪಡೆಗಳ ಪರಿಚಯವಿದೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಸೈನ್ಯದಲ್ಲಿ 73 ಮತ್ತು 74ನೇ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು. ಆ ದಾಳಿಯ ಮುಂದಾಳು ಡೇವಿಡ್ ಬೇರ್ಡ್ ಕೂಡ ಸ್ಕಾಟ್ಲೆಂಡ್‌ನವನೇ.

ನಿಷೇಧ ತೆರವಾದದ್ದು 1782ರಲ್ಲಿ. ನಲವತ್ತು ವರ್ಷದ ಬಳಿಕ, 1822ರಲ್ಲಿ ನಾಲ್ಕನೇ ಜಾರ್ಜ್ ಎಡಿನ್‌ಬರ್ಗ್‌ಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಸ್ವಾಗತದ ಏರ್ಪಾಟು ಹೊತ್ತ. ದೊರೆಯೇ ಕಿಲ್ಟ್ ಉಟ್ಟು ಸಭೆಗೆ ಬಂದ. ವಿಕ್ಟೋರಿಯಾ ರಾಣಿಯ ಮನೆತನ ಸ್ಕಾಟ್ಲೆಂಡ್‌ನ ಬಾಲ್ಮೋರಲ್‌ನಲ್ಲಿ ನೆಲೆಯೂರಿದ ಮೇಲಂತೂ ಅದು ಸಿರಿವಂತರ ವಿಧ್ಯುಕ್ತ ಉಡುಪಾಯಿತು. ಯಾವ ಹೊತ್ತಿಗೆ ಯಾವ ಕೋಟು ಎಂಬ ಕಟ್ಟಳೆ ಆಮೇಲೆ ಬೆಳೆಯಿತು: ಹಗಲಿಗೆ ಟ್ವೀಡ್ ಬಟ್ಟೆಯ ಆರ್ಗೈಲ್, ರಾತ್ರಿಯ ಔತಣಕ್ಕೆ ಪ್ರಿನ್ಸ್ ಚಾರ್ಲಿ. ಎರಡೂ ಸಾಮಾನ್ಯ ಕೋಟಿಗಿಂತ ಗಿಡ್ಡ, ಎರಡರಲ್ಲೂ ಮುಂಭಾಗ ಸ್ಪಾರನ್‌ಗೆ ಎಡೆಬಿಡುವಂತೆ ಕತ್ತರಿಸಿರುತ್ತದೆ.

ಕಟ್ಟಳೆ ಸಡಿಲಿದ್ದು ತೀರ ಈಚೆಗೆ. 1990ರ ದಶಕದಲ್ಲಿ ಎಡಿನ್‌ಬರ್ಗ್‌ನ ಹೋವಿ ನಿಕೋಲ್ಸ್‌ಬಿ ‘21ನೇ ಶತಮಾನದ ಕಿಲ್ಟ್’ ಎಂಬ ಹೆಸರಲ್ಲಿ ಡೆನಿಮ್, ಚರ್ಮಗಳಲ್ಲೂ ಕಿಲ್ಟ್ ಹೊಲಿಯತೊಡಗಿದರು. ಅವರದು ಕಿಲ್ಟ್ ಹೊಲಿಯುವವರದೇ ಮನೆತನ. ವಿಶೇಷ ದಿನದ ಉಡುಪು ದಿನಬಳಕೆಗೂ ಬರಬೇಕೆಂಬ ಅವರ ನಿಲುವು ಹಬ್ಬಿದಂತೆ ಸಾದಾ ಅಂಗಿ, ಬೂಟು, ಚರ್ಮದ ಜಾಕೆಟ್‌ಗಳು ಕಿಲ್ಟ್‌ನ ಜೊತೆಗೂಡಿದವು.

ಉದ್ದದ ಲೆಕ್ಕ

ಅಂಗಡಿಯಲ್ಲಿ ಸಿಗುವ ಹೆಚ್ಚಿನ ಜಾಕೆಟ್‌ಗಳು ಟೊಂಕದ ಬಳಿ ನಿಲ್ಲುವ ಪ್ಯಾಂಟಿನ ಅಳತೆಗೆ ಹೊಲಿದವು. ಕಿಲ್ಟ್ ಮೇಲೆ ಅವನ್ನು ತೊಟ್ಟರೆ ಮೂರು ತೊಂದರೆ. ಹಿಂದೆ ಜಾಕೆಟ್ಟಿನ ಅಂಚು ನೆರಿಗೆಯ ಉಬ್ಬಿನ ಮೇಲೆ ಕೂತು ಹೊರಕ್ಕೆ ಚಾಚುತ್ತದೆ. ಮುಂದೆ ಸ್ಪಾರನ್ ಅರ್ಧ ಮುಚ್ಚಿಹೋಗುತ್ತದೆ. ಒಟ್ಟು ನೋಟದಲ್ಲಿ ಮೈ ಉದ್ದ, ಕಾಲು ಗಿಡ್ಡ ಎನಿಸುತ್ತದೆ.

ಹೊಂದುವ ಜಾಕೆಟ್ ಕಿಲ್ಟ್‌ನ ಮೇಲಂಚಿನಿಂದ ಒಂದೆರಡು ಇಂಚು ಕೆಳಗೆ ನಿಲ್ಲಬೇಕು. ಕತ್ತಿನ ಹಿಂದಿನ ಮೂಳೆಯಿಂದ ಕಿಲ್ಟ್‌ನ ಮೇಲಂಚಿನವರೆಗೆ ಟೇಪು ಹಿಡಿದು, ಅದಕ್ಕೆ ಎರಡು ಇಂಚು ಸೇರಿಸಿ. ನಿಮಗೆ ಬೇಕಾದ ಬೆನ್ನಿನ ಉದ್ದ ಅದು. ಆನ್‌ಲೈನ್‌ನಲ್ಲಿ ಕೊಳ್ಳುವವರು ಎದೆಯಳತೆಯೊಂದನ್ನೇ ನೋಡಿ ದುಡ್ಡು ಕಟ್ಟಬಾರದು. ಚರ್ಮದಲ್ಲಿ ಸೂಜಿ ತೂತು ಮಾಡಿದ ಗುರುತು ಅಳಿಯುವುದಿಲ್ಲ. ಬಟ್ಟೆಯ ಕೋಟಿನಂತೆ ಹೊಲಿಗೆ ಬಿಚ್ಚಿ ಸರಿಪಡಿಸುವುದು ಸುಲಭವಲ್ಲ. ಗಿಡ್ಡ ಮಾಡಬೇಕೆಂದರೂ ಜಿಪ್ಪನ್ನೇ ಬದಲಿಸಬೇಕಾದೀತು.

ಹಳೆಯ ಮಾದರಿಗಳು ಇಲ್ಲಿ ನೆರವಿಗೆ ಬರುತ್ತವೆ. 1930ರ ದಶಕದ ಗಂಡಸರು ಪ್ಯಾಂಟನ್ನು ಹೊಕ್ಕುಳಿನ ಮಟ್ಟಕ್ಕೇ ಏರಿಸಿ ತೊಡುತ್ತಿದ್ದರು, ಜಾಕೆಟ್‌ಗಳೂ ಅಷ್ಟಕ್ಕೇ ನಿಲ್ಲುತ್ತಿದ್ದವು. ಅಮೆರಿಕದ ಸೇನಾ ವೈಮಾನಿಕರಿಗೆ 1931ರಲ್ಲಿ ಗೊತ್ತುಮಾಡಿದ ‘ಎ-2’ ಅಂಥದ್ದು. ಸೊಂಟದಲ್ಲಿ ಹೆಣೆದ ಉಣ್ಣೆಪಟ್ಟಿ, ಮುಂದೆ ಜಿಪ್ಪು. ಮೂಲ ಅಳತೆಗೆ ನಿಷ್ಠವಾಗಿ ಹೊಲಿದ ಎ-2 ಕಿಲ್ಟ್ ಮೇಲೆ ಚೆನ್ನಾಗಿ ಕೂರುತ್ತದೆ. ನ್ಯೂಯಾರ್ಕಿನ ಅರ್ವಿಂಗ್ ಶಾಟ್ 1928ರಲ್ಲಿ ಹೊರತಂದ ‘ಪರ್ಫೆಕ್ಟೊ’ ಮೋಟಾರ್‌ಸೈಕಲ್ ಜಾಕೆಟ್ ಕೂಡ ಗಿಡ್ಡವೇ. 1953ರ ‘ದ ವೈಲ್ಡ್ ಒನ್’ ಚಿತ್ರದಲ್ಲಿ ಮರ್ಲಾನ್ ಬ್ರಾಂಡೊ ತೊಟ್ಟು ಲೋಕಪ್ರಸಿದ್ಧ ಮಾಡಿದ ಶೈಲಿ ಅದು. ಆದರೆ ಅದಕ್ಕೆ ತನ್ನದೇ ಬೆಲ್ಟು, ಬಕಲ್ಲು. ಕಿಲ್ಟ್‌ನ ಅಗಲ ಬೆಲ್ಟು, ಸ್ಪಾರನ್‌ನ ಸರಪಳಿ ಸೇರಿದರೆ ಸೊಂಟದ ಸುತ್ತ ಲೋಹದ ಜಾತ್ರೆ. ಪಟ್ಟಿ ಕಾಲರ್, ನೇರ ಜಿಪ್, ಬೆಲ್ಟಿಲ್ಲದ ‘ಕೆಫೆ ರೇಸರ್’ ಮಾದರಿ ಎಲ್ಲಕ್ಕಿಂತ ನಿರಾಳ. ಕೆಳಗಿನಿಂದಲೂ ತೆರೆಯುವ ಜಿಪ್ ಇದ್ದರೆ ಕೂರುವಾಗ ಅನುಕೂಲ.

ಚರ್ಮದ ಪರೀಕ್ಷೆ

ಉದ್ದ ಸರಿಹೋದ ಮೇಲೆ ಚರ್ಮದ ಗುಣ. ತೊಗಲಿನ ಮೇಲ್ಪದರವನ್ನು ಉಜ್ಜದೆ ಹಾಗೆಯೇ ಉಳಿಸಿದ್ದು ‘ಫುಲ್ ಗ್ರೇನ್’. ಇದೇ ಗಟ್ಟಿ, ಬಳಸಿದಷ್ಟೂ ಹೊಳಪೇರುತ್ತದೆ. ಕಲೆಗಳನ್ನು ಉಜ್ಜಿ ತೆಗೆದು ಮೇಲೆ ಬಣ್ಣ, ಅಚ್ಚು ಹಾಕಿದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಚರ್ಮದ ಚೂರು, ನಾರುಗಳನ್ನು ಅಂಟಿನಿಂದ ಹಾಳೆಯಾಗಿಸಿದ ‘ಬಾಂಡೆಡ್ ಲೆದರ್’ ಕೆಲವೇ ವರ್ಷದಲ್ಲಿ ಸುಲಿಯುತ್ತದೆ. ‘ಜೆನ್ಯುಯಿನ್ ಲೆದರ್’ ಎಂಬ ಚೀಟಿ ಅದು ಚರ್ಮವೆಂದು ಹೇಳೀತೇ ಹೊರತು ಉತ್ತಮ ದರ್ಜೆಯದೆಂದು ಹೇಳುವುದಿಲ್ಲ. ಬೆರಳಿನಿಂದ ಒತ್ತಿ ನೋಡಿ: ನಿಜವಾದ ಮೇಲ್ಪದರದಲ್ಲಿ ಸಣ್ಣ ಸುಕ್ಕು ಹರಡಿ ಮಾಯವಾಗುತ್ತದೆ, ರೆಕ್ಸಿನ್ ಬರೀ ತಗ್ಗುತ್ತದೆ. ಚರ್ಮದ ರಂಧ್ರಗಳು ಒಂದೇ ಸಮನಾಗಿ ಅಚ್ಚೊತ್ತಿದಂತಿದ್ದರೆ ಅನುಮಾನಿಸಬೇಕು.

ಕುರಿಮರಿಯ ಚರ್ಮ ಮೆದು, ಮೈಗೆ ಹಗುರ, ಆದರೆ ಬೇಗ ಹರಿಯುತ್ತದೆ. ಆಡಿನದು ತೆಳುವಾಗಿದ್ದೂ ಗಟ್ಟಿ. ದನದ್ದು, ಕುದುರೆಯದು ಭಾರ, ಮೈಗೆ ಒಗ್ಗಲು ಕಾಲ ಬೇಕು. ಕಿಲ್ಟೇ ತೂಕದ ಉಡುಪಾದ್ದರಿಂದ ಪೇಟೆಯ ಓಡಾಟಕ್ಕೆ ಆಡಿನ ಚರ್ಮ ಒಳ್ಳೆಯ ಆಯ್ಕೆ. ಬೈಕ್ ಓಡಿಸುವವರಿಗೆ ದಪ್ಪ ದನದ ಚರ್ಮವೇ ಸರಿ.

ಟಾರ್ಟನ್‌ಗೆ ಸಂಬಂಧಿಸಿದ ಇನ್ನೊಂದು ಪರೀಕ್ಷೆಯನ್ನು ಮರೆಯಬಾರದು. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಜಾಕೆಟ್ಟಿನ ಒಳ ಅಂಚನ್ನು ಉಜ್ಜಿ. ಬಣ್ಣ ಬಿಟ್ಟರೆ ಸ್ಕಾಟ್ಲೆಂಡ್‌ನ ಮಳೆಯಲ್ಲಿ ಅದು ಉಣ್ಣೆಗೂ ಇಳಿದೀತು. ತಿಳಿಬಣ್ಣದ ಚೌಕಳಿ ಉಡುವವರು ಈ ವಿಷಯದಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. ನೆನೆದ ಜಾಕೆಟ್ಟನ್ನು ಬೆಂಕಿಯ ಬಳಿ, ಹೀಟರ್ ಮೇಲೆ ಒಣಗಿಸಬಾರದು, ಅಗಲ ಹ್ಯಾಂಗರಿಗೆ ಹಾಕಿ ನೆರಳಲ್ಲಿ ಬಿಡಬೇಕು.

ಎಲ್ಲಿ ಕೊಳ್ಳುವುದು?

ಕಿಲ್ಟ್‌ನ ಮಾತಿಗೆ ಎಡಿನ್‌ಬರ್ಗ್‌ನಲ್ಲಿ 1868ರಲ್ಲಿ ಶುರುವಾದ ಕಿನ್‌ಲಾಕ್ ಆಂಡರ್ಸನ್‌ನಂಥ ಮನೆತನಗಳಿವೆ. ಚರ್ಮದ ಜಾಕೆಟ್‌ಗೆ ಅಂಥ ಸ್ಕಾಟಿಷ್ ಪರಂಪರೆ ಇಲ್ಲ. ಗ್ಲಾಸ್ಗೋ ಸುತ್ತಲಿನ ಹೆಸರಾಂತ ಚರ್ಮೋದ್ಯಮದ ಸರಕು ಹೋಗುವುದು ಮುಖ್ಯವಾಗಿ ಕಾರು, ವಿಮಾನಗಳ ಆಸನಕ್ಕೆ. ಹಾಗಾಗಿ ಜಾಕೆಟ್ಟನ್ನು ಹೊರಗೇ ಹುಡುಕಬೇಕು. ಅಗ್ಗದ ಕಿಲ್ಟ್, ಬ್ಯಾಗ್‌ಪೈಪ್, ಚರ್ಮದ ಜಾಕೆಟ್ ಮೂರನ್ನೂ ಜಗತ್ತಿಗೆ ಕಳಿಸುವ ಊರು ಪಾಕಿಸ್ತಾನದ ಸಿಯಾಲ್‌ಕೋಟ್. ಅಳತೆ ಕೊಟ್ಟರೆ ಹೊಲಿದುಕೊಡುವವರು ಅಲ್ಲಿ ಅನೇಕರಿದ್ದಾರೆ, ಗುಣ ಮಾತ್ರ ಅಂಗಡಿಯಿಂದ ಅಂಗಡಿಗೆ ಬೇರೆ. ಭಾರತದಲ್ಲಾದರೆ ತಮಿಳುನಾಡಿನ ಚೆನ್ನೈ, ರಾಣಿಪೇಟೆ, ಆಂಬೂರು, ವಾಣಿಯಂಬಾಡಿಗಳಲ್ಲಿ ಹದಗೊಳಿಸಿದ ಕುರಿ, ಆಡಿನ ಚರ್ಮಕ್ಕೆ ಹೊರದೇಶಗಳಲ್ಲಿ ಬಹುಕಾಲದ ಬೇಡಿಕೆಯಿದೆ. ಓದಿಗೋ ಕೆಲಸಕ್ಕೋ ಎಡಿನ್‌ಬರ್ಗ್, ಗ್ಲಾಸ್ಗೋ ಸೇರುವ ಕನ್ನಡಿಗರು ಕಿಲ್ಟನ್ನು ಅಲ್ಲೇ ಬಾಡಿಗೆಗೆ ಪಡೆಯಬಹುದು. ಉಡಲು ಸ್ಕಾಟಿಷ್ ರಕ್ತವೇನೂ ಬೇಕಿಲ್ಲ. ಜಾಕೆಟ್ಟನ್ನು ಊರಲ್ಲೇ ಅಳತೆ ಕೊಟ್ಟು ಹೊಲಿಸಿಕೊಂಡು ಹೋದರೆ ಹಣವೂ ಉಳಿತಾಯ.

ಜಾಕೆಟ್, ಬೆಲ್ಟು, ಸ್ಪಾರನ್, ಬೂಟು ಒಂದೇ ಬಣ್ಣದ್ದಿರಲಿ. ಕರಿಯಾದರೆ ಎಲ್ಲವೂ ಕರಿ, ಕಂದಾದರೆ ಎಲ್ಲವೂ ಕಂದು. ತುಪ್ಪಳದ ಔತಣದ ಸ್ಪಾರನ್ ಬೇಡ, ಸಾದಾ ಚರ್ಮದ್ದು ಸಾಕು. ವಿಧ್ಯುಕ್ತ ಮದುವೆಗೆ ಈ ಜಾಕೆಟ್ ಹೊಂದುವುದಿಲ್ಲ, ಅಲ್ಲಿಗೆ ಪ್ರಿನ್ಸ್ ಚಾರ್ಲಿಯೇ ಸರಿ. ಕೊಳ್ಳಲು ಹೋಗುವಾಗ ಕಿಲ್ಟ್ ಉಟ್ಟೇ ಹೋಗಿ. ಕನ್ನಡಿಯ ಮುಂದೆ ಒಮ್ಮೆ ಕೂತು, ಎದ್ದು, ಕೈಯೆತ್ತಿ ನೋಡಿ. ಮೊದಲು ಉದ್ದ, ಆಮೇಲೆ ಚರ್ಮ, ಕೊನೆಗೆ ಬ್ರಾಂಡು. ಈ ಕ್ರಮ ತಪ್ಪದಿದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ.