ಬರೆಯುವುದೊಂದು, ನುಡಿಯುವುದೊಂದು

ಅಕ್ಷರಮಾಲೆಯನ್ನೂ ಕಾಗುಣಿತವನ್ನೂ ಚೆನ್ನಾಗಿ ಕಲಿತ ಬಾಲಕನು ತಾನೆಂದೂ ಕಾಣದ ಕನ್ನಡ ಪದವನ್ನು ಕೂಡ ಓದಬಲ್ಲನು. ಇಂಗ್ಲಿಷಿನಲ್ಲಿ ಈ ಸೌಕರ್ಯವಿಲ್ಲ. ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳನ್ನೇ ನೋಡೋಣ. ಟಿ, ಎಚ್‌ಗಳ ಅನಂತರ ಇವು ಬಂದರೆ ‘ದೋ’ ಎಂದೂ, ನಡುವೆ ಒಂದು ಆರ್ ಸೇರಿದರೆ ‘ಥ್ರೂ’ ಎಂದೂ ಓದಬೇಕು. ಸಿ ಅಕ್ಷರದ ಅನಂತರ ಬಂದರೆ ‘ಕಾಫ್’, ಟಿ ಅಕ್ಷರದ ಅನಂತರ ‘ಟಫ್’, ಬಿ ಅಕ್ಷರದ ಅನಂತರ ‘ಬೌ’. ಇಪ್ಪತ್ತಾರು ಅಕ್ಷರಗಳಿಂದ ಸುಮಾರು ನಲವತ್ತನಾಲ್ಕು ಧ್ವನಿಗಳನ್ನು ಬರೆಯಬೇಕಾದುದು ಈ ತೊಡಕಿಗೆ ಒಂದು ಕಾರಣ. ಆದರೆ ಮುಖ್ಯವಾದ ಕಾರಣವು ಚರಿತ್ರೆಯಲ್ಲಿದೆ.

‘ಹೆಸರು’ ಎಂಬ ಅರ್ಥದ ‘ನೇಮ್’ ಪದವನ್ನು ಎನ್, ಎ, ಎಂ, ಇ ಎಂದು ಬರೆಯುತ್ತಾರೆ. 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾಲದಲ್ಲಿ ಇದರ ಉಚ್ಚಾರಣೆ ಹೆಚ್ಚುಕಡಿಮೆ ನಮ್ಮ ‘ನಾಮ’ದಂತೆಯೇ ಇತ್ತು! ಕಡೆಯ ಇ ಕೂಡ ಮೆಲ್ಲಗೆ ಕೇಳಿಸುತ್ತಿತ್ತು. ಅಂದರೆ ಆಗ ಬರೆದಂತೆಯೇ ಓದುತ್ತಿದ್ದರು. ಯೋಧ ಎಂಬ ಅರ್ಥದ ‘ನೈಟ್’ ಪದದ ಮೊದಲಿನ ಕೆ ಅಕ್ಷರವೂ ನಡುವಿನ ಜಿ, ಎಚ್‌ಗಳೂ ಆಗ ಮೂಕವಾಗಿರಲಿಲ್ಲ. ಅದನ್ನು ‘ಕ್ನಿಹ್ಟ್’ ಎಂಬಂತೆ ನುಡಿಯುತ್ತಿದ್ದರು. ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಒಂದೊಂದಾಗಿ ಸ್ಥಾನ ಬದಲಿಸಿದವು. ಆ ವೇಳೆಗೇ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಎಂಬಾತನು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟವನ್ನು ತೆರೆದನು. ಮುದ್ರಿತ ಗ್ರಂಥಗಳು ಹರಡಿದಂತೆಲ್ಲ ಕಾಗುಣಿತವು ಮೆಲ್ಲಮೆಲ್ಲನೆ ಸ್ಥಿರವಾಯಿತು; ನಾಲಿಗೆ ಮಾತ್ರ ತನ್ನ ದಾರಿಯಲ್ಲಿ ಸಾಗಿತು. 1755ರಲ್ಲಿ ಪ್ರಕಟವಾದ ಡಾಕ್ಟರ್ ಜಾನ್ಸನ್ನನ ನಿಘಂಟು ಹಳೆಯ ಬರವಣಿಗೆಗೆ ಮತ್ತಷ್ಟು ಬಲವನ್ನು ಕೊಟ್ಟಿತು.

ಪಂಡಿತರ ಉತ್ಸಾಹವೂ ಇದಕ್ಕೆ ಸೇರಿತು. ಸಾಲ ಎಂಬರ್ಥದ ‘ಡೆಟ್’ ಪದವು ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಅಕ್ಷರವಿರಲಿಲ್ಲ. ಅದರ ಲ್ಯಾಟಿನ್ ಮೂಲವನ್ನು ತೋರಿಸಬೇಕೆಂದು ವಿದ್ವಾಂಸರು ಬಿಯನ್ನು ತಂದು ಕೂರಿಸಿದರು. ‘ಐಲೆಂಡ್’ ಪದದ ಎಸ್ ಅಕ್ಷರಕ್ಕೆ ಆ ಸಮರ್ಥನೆಯೂ ಇಲ್ಲ. ಆ ಪದಕ್ಕೂ ಲ್ಯಾಟಿನ್ನಿಗೂ ಸಂಬಂಧವೇ ಇರಲಿಲ್ಲ. ಸಂಬಂಧವಿದೆಯೆಂಬ ಭ್ರಮೆಯಿಂದ ಸೇರಿದ ಅಕ್ಷರ ಅದು. ಇಂದಿಗೂ ಲೋಕದ ಮಕ್ಕಳು ಅದನ್ನು ಬಿಟ್ಟು ಬರೆದು ಅಂಕ ಕಳೆದುಕೊಳ್ಳುತ್ತಿದ್ದಾರೆ!

ಕನ್ನಡವು ಇಂಥ ಸಂದರ್ಭದಲ್ಲಿ ಬೇರೆ ದಾರಿಯನ್ನು ಹಿಡಿಯಿತು. ಹಳಗನ್ನಡದ ‘ಬಾೞೆ’ಯಲ್ಲಿದ್ದ ೞಕಾರದ ಧ್ವನಿ ಜನರ ಬಾಯಿಂದ ಮರೆಯಾದಾಗ, ಕಾಲಕ್ರಮದಲ್ಲಿ ಆ ಅಕ್ಷರವನ್ನೂ ಕೈಬಿಟ್ಟು ‘ಬಾಳೆ’ ಎಂದು ಬರೆದರು. ಱಕಾರಕ್ಕೂ ಇದೇ ಗತಿಯಾಯಿತು. ನಮ್ಮ ಬರವಣಿಗೆಯೂ ಪೂರ್ಣ ನಿರ್ದುಷ್ಟವೆಂದು ಹೇಳುವಂತಿಲ್ಲ. ‘ಋಷಿ’ ಎಂದು ಬರೆದು ‘ರುಶಿ’ ಎಂದು ನುಡಿಯುವವರು ನಮ್ಮಲ್ಲಿ ಅನೇಕರು.

ಇಂಗ್ಲಿಷನ್ನು ತಿದ್ದುವ ಯತ್ನಗಳು ನಡೆಯದೆ ಇಲ್ಲ. ಅಮೆರಿಕದ ನೋವಾ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ ‘ಕಲರ್’ ಪದದ ಯು ಅಕ್ಷರವನ್ನು ಕಿತ್ತುಹಾಕಿದನು. ಅಮೆರಿಕದವರು ಅದನ್ನು ಒಪ್ಪಿದರು, ಇಂಗ್ಲೆಂಡಿನವರು ಒಪ್ಪಲಿಲ್ಲ. 1950ರಲ್ಲಿ ನಿಧನನಾದ ನಾಟಕಕಾರ ಬರ್ನಾರ್ಡ್ ಷಾ ಹೊಸ ಲಿಪಿಯೊಂದಕ್ಕಾಗಿ ಉಯಿಲಿನಲ್ಲಿ ಹಣವನ್ನೇ ತೆಗೆದಿಟ್ಟಿದ್ದನು. ಲಿಪಿ ಸಿದ್ಧವಾಯಿತು, 1962ರಲ್ಲಿ ಅವನ ನಾಟಕವೊಂದು ಅದರಲ್ಲಿ ಅಚ್ಚೂ ಆಯಿತು. ಬಳಕೆಗೆ ಮಾತ್ರ ಬರಲಿಲ್ಲ.

ಉಚ್ಚಾರಣೆಯಂತೆ ಬರೆಯಬೇಕೆಂದರೆ ಯಾರ ಉಚ್ಚಾರಣೆಯಂತೆ? ಲಂಡನ್ನಿನವರದು ಒಂದು ಬಗೆ, ಸ್ಕಾಟ್ಲೆಂಡಿನವರದು ಇನ್ನೊಂದು, ಅಮೆರಿಕದವರದು ಮತ್ತೊಂದು. ಮೂಕಾಕ್ಷರಗಳೆಲ್ಲವೂ ವ್ಯರ್ಥವೆಂದು ತಿಳಿಯುವುದೂ ಸರಿಯಲ್ಲ. ‘ಸೈನ್’ ಎಂಬಲ್ಲಿ ಜಿ ಅಕ್ಷರವು ಸುಮ್ಮನಿದೆ. ‘ಸಿಗ್ನೇಚರ್’ ಎಂಬಲ್ಲಿ ಅದೇ ಅಕ್ಷರವು ಸ್ಪಷ್ಟವಾಗಿ ಕೇಳಿಸುತ್ತದೆ. ಜಿಯನ್ನು ಅಳಿಸಿದರೆ ಸಹಿ ಹಾಕುವುದಕ್ಕೂ ಸಹಿಗೂ ಇರುವ ನಂಟು ಕಣ್ಣಿಗೆ ಕಾಣದಂತಾಗುತ್ತದೆ.